ಸೊನ್ನಿಯೊಳಗ ಎರಡು ನಮೂನಿ

ಪ್ರಲ್ಹಾದ ಸರ್ ನನ್ನ ಪಿಎಚ್‌ಡಿ ಗೈಡು. ಅವತ್ತು ಅವರ ಮಾತು ಕೇಳಿ ನನಗ ಸಿಟ್ಟು ನೆತ್ತಿಗೇರಿತು. ಪುಣೆ ಹತ್ತರ ರಾಂಜಣಗಾಂವದ ಫ್ಯಾಕ್ಟರಿಗೆ ದುಡಿಯಾಕ ಬಂದ ನಮ್ಮ ಕಡಿ ಹೆಣ್ಣಮಕ್ಕಳಿಗೆ ಮನಿಮಂದಿ ಹಂಬಲ ಎಷ್ಟು, ವಾರದಾಗ ಎಷ್ಟು ಸಲ ಫೋನ್ ಮಾಡತಾರ ಅನ್ನೋದು ನನ್ನ ವಿಷಯ. ಅರ್ಧಕ್ಕರ್ಧ ಮಂದಿ ಸೊನ್ನಿ ಅಂದಿದ್ದರು. ಊರು ಬಿಟ್ಟು ವರ್ಷ ಆದಂಗ ಫೋನ್ ಎಷ್ಟು ಇಳೀತಾವ, ಸೀದಾ ಗೆರಿ ಎಳದು ನೋಡು ಅಂದರು ಸರ್. ಎಳದೆ. ಗೆರಿ ಸೊನ್ನಿ ಕೆಳಗ ಇಳದು, ಒಬ್ಬಾಕಿ ವಾರಕ್ಕ ಮೈನಸ್ ಒಂದು ಸಲ ಫೋನ್ ಮಾಡತಾಳ ಅಂತ ತೋರಿಸಿತು. ಅದ್ಹ್ಯಾಂಗ ಮಾಡತಾಳ, ನೀವ ಮಾಡಿ ತೋರಸ್ರಿ ಸರ್, ಅಂದೆ. ಮಾಧುರಿ, ನಿನ್ನ ಬಾಯಿ ಭಾಳ ಆತು ಅಂದರು.

ಎಷ್ಟು ಸಲ ಅನ್ನೋ ಎಣಿಕಿಗೆ, ಸೊನ್ನಿ ಕೆಳಗ ಇಳಿಯದಂಥ ಎಣಿಕಿ ಪದ್ಧತೀನ ಬೇಕು. ಅದರಾಗೂ ಇಷ್ಟು ಸೊನ್ನಿ ಬಂದರ ಸಾದಾ ಪದ್ಧತಿ ನಡಿಯಂಗಿಲ್ಲ, ಯಾಕಂದ್ರ ಸೊನ್ನಿ ಎರಡು ನಮೂನಿ. ಮಾತಾಡಾಕ ಯಾರೋ ಇದ್ದೂ ಆ ವಾರ ಫೋನ್ ಮಾಡದವರದು ಒಂದು. ಯಾರೂ ಇಲ್ಲದವರದು ಇನ್ನೊಂದು, ಅದು ಎಂದೂ ಬದಲಾಗಂಗಿಲ್ಲ. ಇವೆರಡನ್ನೂ ಬ್ಯಾರೆ ಮಾಡೋ ಪದ್ಧತೀನ ಹಾಕತೀನಿ ಅಂತ ಹಟಾ ಹಿಡದೆ. ಹಂಗಾದ್ರ ಹೋಗಿ, ಫೋನ್ ಮಾಡಾಕ ಯಾರರ ಅದಾರೇನು ಅಂತ ಒಬ್ಬೊಬ್ಬರನೂ ಕೇಳಿ ಬಾ ಅಂದರು ಸರ್.

ಪುಣೆಯೊಳಗ ನಾನಿರೋ ಬಿಬವೇವಾಡಿಯಿಂದ ಬಸ್ ಹಿಡದು ರಾಂಜಣಗಾಂವಕ್ಕ ಹೋದೆ. ಮೊದಲ ಸಿಕ್ಕಾಕಿ ಸಕ್ಕುಬಾಯಿ, ಯಾದಗಿರಿ ಕಡಿಯಾಕಿ, ರೊಟ್ಟಿ ಬಡೀತಿದ್ದಳು. ನನ್ನ ಪ್ರಶ್ನೆ ಕೇಳಿ ಕೈ ನಿಂತಿತು. ಇರಾಕಿ ಒಬ್ಬಾಕಿ ಮಗಳು, ಭಾಗ್ಯಾ. ಮೆಚ್ಚಿದವನ ಜೋಡಿ ಹೋದಳಂತ. ಇನ್ನ ಈ ಹೊಸ್ತಿಲಾ ತುಳಿಬ್ಯಾಡ ಅಂದ ಅಪ್ಪ. ಹುಡುಗಿ ಸಿಮ್ಮೂ ಬದಲಿ ಮಾಡಿದಳು. ಪುಣೆ ಕಡಿ ಯಾವುದೋ ಫ್ಯಾಕ್ಟರಿಯೊಳಗ ಅದಾಳ ಅಂತ ಯಾರೋ ಅಂದರು, ಅಷ್ಟ ಮಾತು ಹಿಡಕೊಂಡು ಗಂಡನ ಸಂಬಂಧಾನ ಕಡಕೊಂಡು ಇಲ್ಲಿಗೆ ಬಂದಾಳ ಸಕ್ಕುಬಾಯಿ.

ಮಗಳ ನಂಬರ್ ಇಲ್ಲಂದ ಮ್ಯಾಲ ಲೆಕ್ಕದ ಪ್ರಕಾರ ಈಕಿ ಎರಡನೇ ನಮೂನಿ. 'ಯಾರೂ ಇಲ್ಲ' ಅಂತ ಬರಿಯಾಕ ಹೋದೆ. ಹಿಟ್ಟಿನ ಕೈಲೇ ನನ್ನ ಕೈ ಹಿಡದಳು.

"ಇಲ್ಲದವರ ಜೋಡಿ ನನ್ನ ಸೇರಸಬ್ಯಾಡ್ರಿ ಬಾಯಾರ. ನಂಬರ್ ಇಲ್ಲ, ಮಗಳು ಅದಾಳ."

ಸರ್ ಜೋಡಿ ಅಷ್ಟು ಜಗಳಾಡಿ ತಂದ ಪದ್ಧತಿಯೊಳಗ ಈಕಿಗೆ ಜಾಗಾನ ಇರಲಿಲ್ಲ. 'ಅದಾರ' ಅಂತ ಬರದೆ. ಸರ್ ಬೈತಾರ, ಬೈಲಿ.

ಎದ್ದು ಹೊಂಟಾಗ, ಬ್ಯಾರೆ ಫ್ಯಾಕ್ಟರಿಗೂ ಹೋಗತೀರೇನು ಅಂತ ಕೇಳಿದಳು. ಹೌದು, ಎಲ್ಲಾ ಕಡಿ ಇದನ್ನ ಕೇಳೋದು ಅಂದೆ. ಒಲಿಯೊಳಗಿನ ಕಟಗಿ ಮುಂದ ನೂಕಿದಳು.

"ಅವ್ವಗ ಫೋನ್ ಮಾಡಂಗಿಲ್ಲ ಅನ್ನಾಕಿ ಯಾವಾಕಿರ ಭಾಗ್ಯಾ ಸಿಕ್ಕರ, ಒಂದ ಮಾತು ಹೇಳ್ರಿ. ನಿಮ್ಮವ್ವ ನಂಬರ್ ಬದಲಿ ಮಾಡಿಲ್ಲ ಅಂತ."