ಉದ್ಘಾಟನೆಯ ಸರ್ವ್

"ಏ ಸಾತಿ, ಕುರ್ಚಿ ಬಿಟ್ಟ ಏಳ! ಸಾವಕಾರ್ರು ಬಂದ್ರು, ಕಣ್ಣ ಕಾಣಸೂದಿಲ್ಲನ?" ಎಂದು ಪಂಚಾಯಿತಿ ಸಿಪಾಯಿ ಸೋಮಲಿಂಗ ಗದರಿದ.

ಸತ್ಕಾರ ನನಗೆ, ಕುರ್ಚಿ ಸಾಹುಕಾರ ರಾವಸಾಹೇಬರಿಗೆ. ಎದ್ದು ನಿಂತೆ. ಕುಲಗೋಡದ ಕೇರಿಯಿಂದ ಹೋಗಿ, ಆರು ವರ್ಷ ಕ್ರೀಡಾ ಹಾಸ್ಟೆಲಿನಲ್ಲಿ ಬೆವರು ಸುರಿಸಿ, ಈಗ ಕೇರಳದ ಕ್ಲಬ್ಬೊಂದಕ್ಕೆ ಪಗಾರದ ಮೇಲೆ ವಾಲಿಬಾಲ್ ಆಡುವವಳು ನಾನು. ಊರಿಗೆ ಮಾತ್ರ ಇನ್ನೂ ಹನಮವ್ವನ ಮಗಳು ಸಾತಿ.

ಬ್ಯಾನರ್ ನೋಡಬೇಕಿತ್ತು ನೀವು! ಸಾಹುಕಾರರ ಮುಖ ಟ್ರ್ಯಾಕ್ಟರ್ ಗಾಲಿಯಷ್ಟು. ನನ್ನದು ಮೂಲೆಯಲ್ಲಿ, ಬರೀ ತಲೆ. ಫೋಟೋದಲ್ಲಿ ಕೆಳಗೆ ಆಟದ ಚಡ್ಡಿ ಇತ್ತಲ್ಲ, ಅದಕ್ಕೇ ಕುತ್ತಿಗೆಗೆ ಕತ್ತರಿ ಹಾಕಿದ್ದರು. ಊರಿನ ಮರ್ಯಾದೆ ಉಳಿಯಿತಂತೆ.

ರಾವಸಾಹೇಬರು ಮೈಕ್ ಹಿಡಿದರು. "ಈ ಹುಡಗಿ ನನ್ನ ಹೊಲದಾಗ ಕಬ್ಬ ಕಡದ ಕಡದ ರಟ್ಟಿ ಗಟ್ಟಿ ಮಾಡಕೊಂಡಾಳ. ಅಂದಮ್ಯಾಗ ಈ ಹೆಸರು ಯಾರದು? ನಂದ!"

ಚಪ್ಪಾಳೆಯೋ ಚಪ್ಪಾಳೆ. ಅಬ್ಬಾ, ಏನು ತರಬೇತಿ! ಹನ್ನೆರಡನೇ ವಯಸ್ಸಿಗೇ ಶಾಲೆ ಬಿಡಿಸಿ, ಹಾಸ್ಟೆಲಿಗೆ ಹೋಗುವವರೆಗೆ ಹೊಲದಲ್ಲಿ ದುಡಿಸಿಕೊಂಡ ಪುಣ್ಯಾತ್ಮರು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ಇವತ್ತು ಶಾಲನ್ನೂ ಹಾಗೇ ಮೇಲಿನಿಂದ ಬೀಳಿಸಿದರು, ಬೆರಳು ತಗುಲದಂತೆ.

"ಇನ್ನೊಂದ ಸಿಹಿ ಸುದ್ದಿ. ಸೋಮವಾರದಿಂದ ಈ ಗೈರಾಣದಾಗ ನನ್ನ ಕಬ್ಬಿನ ಟ್ರ್ಯಾಕ್ಟರ್ ನಿಲ್ತಾವ. ಹುಡುಗ್ಯಾರು ಆಡಿದ್ದ ಸಾಕು."

ಗೈರಾಣ ಸರ್ಕಾರದ ಬಯಲು, ಇವರಪ್ಪನ ಆಸ್ತಿಯಲ್ಲ. ನಾನು ಕಲಿತದ್ದು ಇಲ್ಲೇ. ಈಗ ಹನ್ನೊಂದು ಹುಡುಗಿಯರು ಕಲಿಯುತ್ತಿರುವುದೂ ಇಲ್ಲೇ. ಬೇರೆ ಜಾಗ ಅವರಿಗಿಲ್ಲ.

"ಮತ್ತ ಇವ್ರು ಎಲ್ಲಿ ಆಡಬೇಕ್ರಿ?" ಎಂದೆ.

"ಆಡಿ ಏನ ಕಡದ ಗುಡ್ಡಿ ಹಾಕ್ತಾರ? ಕಬ್ಬ ಕಡಿಯಾಕ ಬರ್ಲಿ. ಚಡ್ಡಿ ಹಾಕ್ಕೊಂಡ ಜಿಗದಾಡೂದ ಒಂದ ಉದ್ಯೋಗನ? ಹಲ್ಕಟ್ ದಂಧೆ!"

ಆಮೇಲೆ ಪಂದ್ಯದ ಉದ್ಘಾಟನೆ. ನಮ್ಮ ಕಡೆ ಒಂದು ಪದ್ಧತಿ ಇದೆ. ನೆಟ್ಟಿನ ಕಂಬಕ್ಕೆ ಕಾಯಿ ಒಡೆದು ದೊಡ್ಡವರು ಮೊದಲ ಸರ್ವ್ ಹೊಡೆಯುತ್ತಾರೆ. ಅದನ್ನು ಯಾರೂ ತಿರುಗಿ ಹೊಡೆಯಬಾರದು. ಚೆಂಡು ಬೀಳಲು ಬಿಟ್ಟು ಚಪ್ಪಾಳೆ ತಟ್ಟಬೇಕು.

ಸಾಹುಕಾರರು ಧೋತರ ಎತ್ತಿ ಕಟ್ಟಿ, ಗೆರೆ ಬಿಟ್ಟು ನೆಟ್ಟಿನ ಹತ್ತಿರವೇ ನಿಂತು ಹೊಡೆದರು. ಈಚೆ ಹುಡುಗಿಯೊಬ್ಬಳ ಜೊತೆ ನಿಂತಿದ್ದ ನಾನು, ಹೇಗೋ ದಾಟಿಬಂದ ಚೆಂಡು ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಕೈಯೊಡ್ಡಿ ತಡೆದೆ.

"ತಸ್ಲೀಮ, ಎತ್ತವ್ವ!"

ಸೈಕಲ್ ಅಂಗಡಿಯ ಬಾಬಾಜಾನರ ಮಗಳು ತಸ್ಲೀಮ, ಹನ್ನೊಂದು ಹುಡುಗಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು. ಹೆದರಲಿಲ್ಲ, ಚೆಂಡನ್ನು ಎತ್ತರಕ್ಕೆ ಎತ್ತಿಕೊಟ್ಟಳು. ಹಾರಿ, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಬಾರಿಸಿದೆ. ಅದು ಸಾಹುಕಾರರ ಎರಡು ಕಾಲುಗಳ ನಡುವೆ ನೆಲಕ್ಕೆ ಬಡಿಯಿತು. ಬಿಳಿ ಧೋತರವೆಲ್ಲ ಮಣ್ಣು.

"ಏ ರಂಡಿ! ಸೊಕ್ಕ ಬಂತನ ನಿನಗ?"

"ಪಾಯಿಂಟ್ ನಮ್ದರಿ ಸರ್," ಎಂದು ತಸ್ಲೀಮ ತೀರ್ಪುಗಾರರಾಗಿದ್ದ ಅಶೋಕ ಮಾಸ್ತರರಿಗೆ ಕೂಗಿದಳು. ಮಾಸ್ತರರು ಸೀಟಿ ಬಾಯಲ್ಲಿಟ್ಟುಕೊಂಡು ಸಾಹುಕಾರರ ಮುಖ ನೋಡಿದರು. ಊದಲಿಲ್ಲ.

ಊದದಿದ್ದರೆ ಬಿಡಲಿ. ಉಳಿದ ಹತ್ತು ಹುಡುಗಿಯರೂ ಅಂಕಣದೊಳಗೆ ಬಂದು ನಿಂತರು. ನಾನು ಚೆಂಡು ತೆಗೆದುಕೊಂಡು ಗೆರೆಯ ಹಿಂದೆ ಹೋದೆ. ಸಾಹುಕಾರರು ಧೋತರ ಕೊಡವುತ್ತ ಕಾರಿನತ್ತ ತಿರುಗಿದ್ದರು.

"ಎಲ್ಲಿ ಹೊಂಟ್ರಿ ಸಾವಕಾರ್ರ? ಈಗ ಸರ್ವ್ ನಮ್ದೈತಿ."