ಅಟೆಂಡರ್ ಬರೆದ ಚರಿತ್ರೆ

ಅಪ್ಪನ ಎದೆಯ ಮೇಲೆ ಇಟ್ಟ ಪುಸ್ತಕವನ್ನು ಪುಷ್ಪಲತಾ ಎತ್ತಿಕೊಂಡಳು. ಇಟ್ಟವರು ವಿಶ್ವವಿದ್ಯಾಲಯದ ವೈದ್ಯಕೀಯ ಗ್ರಂಥಾಲಯದ ಮುಖ್ಯಸ್ಥರಾದ ಸಿದ್ದಲಿಂಗೇಶ್. ಹೆಣಕ್ಕೆ ಕೈಮುಗಿದು ನಿಂತಿದ್ದರು, ಅವರ ಡ್ರೈವರ್ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ.

"ಇರಲಿ ಬಿಡಮ್ಮ. ನಿಮ್ಮ ತಂದೆ ಮೂವತ್ತಾರು ವರ್ಷ ದುಡಿದ ಲೈಬ್ರರಿ ಚರಿತ್ರೆ ಅದು. ಹೋದ ವಾರ ಬಿಡುಗಡೆ ಆಯ್ತು. ಗೌರವಕ್ಕೆ ಅಂತ ತಂದಿದ್ದು."

"ಇದ್ರಾಗೆ ಅಪ್ಪನ ಹೆಸರು ಎಲ್ಲೈತೆ ಸಾರ್?"

"ಕೊನೇಲಿ ಸಿಬ್ಬಂದಿ ಎಲ್ಲರಿಗೂ ಕೃತಜ್ಞತೆ ಹೇಳಿದೀನಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ರಟ್ಟಿನ ಮೇಲೆ ಸಿದ್ದಲಿಂಗೇಶರ ಹೆಸರೊಂದೇ, ಅದೂ ಬಂಗಾರದ ಬಣ್ಣದಲ್ಲಿ. ಪುಷ್ಪಲತಾ ಮೊದಲ ಪುಟ ತೆರೆದಳು. 'ಈ ಗ್ರಂಥಾಲಯ ಹುಟ್ಟಿದ್ದು ಹೆಣ ಕೊಯ್ಯುವ ಕೋಣೆಯ ಪಕ್ಕದ ಪಡಸಾಲೆಯಲ್ಲಿ, ಇನ್ನೂರ ಹನ್ನೆರಡು ಪುಸ್ತಕಗಳಿಂದ.' ಅದು ಅಪ್ಪನ ಸಾಲು.

"ಇದನ್ನ ಬರ್ದಿದ್ದು ಯಾರು ಸಾರ್?"

"ಮಾಹಿತಿ ಅವರೇ ಕೊಟ್ಟಿದ್ದು, ಇಲ್ಲ ಅನ್ನಲ್ಲ. ಆದ್ರೆ ಅಟೆಂಡರ್ ಹೆಸರಲ್ಲಿ ವಿಶ್ವವಿದ್ಯಾಲಯದ ಚರಿತ್ರೆ ಬಂದ್ರೆ ಯಾರು ಓದ್ತಾರೆ ಹೇಳಮ್ಮ."

ಅಪ್ಪನ ತಮ್ಮ ಕಾಮಣ್ಣ ನಡುವೆ ಬಂದ. "ಹೆಣ ಮುಂದಿಟ್ಕೊಂಡು ಮಾತು ಬ್ಯಾಡವ್ವ."

ಹೆಣದ ತಲೆಯ ಹತ್ತಿರ ಕೂತಿದ್ದ ಅವ್ವ, ಪಾತಮ್ಮ, ಸೆರಗಿನೊಳಗಿಂದಲೇ ಹೇಳಿದಳು: "ಅಷ್ಟು ದೂರದಿಂದ ಬಂದವ್ರೆ. ಕುರ್ಚಿ ಹಾಕ್ರಿ ಅವ್ರಿಗೆ."

*

ಎರಡು ವರ್ಷದ ಹಿಂದೆ ಇದೇ ಸಿದ್ದಲಿಂಗೇಶ್ ದೊಡ್ಡಉಳ್ಳಾರ್ತಿಯ ಈ ಮನೆಯನ್ನು ಹುಡುಕಿಕೊಂಡು ಬಂದಿದ್ದರು. ಗ್ರಂಥಾಲಯದ ಹಳೆಯ ಕಡತಗಳನ್ನು ಗೆದ್ದಲು ತಿಂದಿತ್ತು. ಮೊದಲ ದಿನ ಅದರ ಬೀಗ ತೆಗೆದವರಲ್ಲಿ ಬದುಕುಳಿದಿದ್ದವನು ಅಪ್ಪ, ದೊಡ್ಡೀರಪ್ಪನೊಬ್ಬನೇ.

ಕುರಿ ಮೇಯಿಸುವ ಮನೆಯ ಹುಡುಗ ಏಳನೇ ತರಗತಿ ಓದಿ ಅಟೆಂಡರ್ ಆಗಿದ್ದ. ನಿವೃತ್ತಿಯಾದ ಮೇಲೆ ದಿನಕ್ಕೊಂದು ಪುಟದಂತೆ ಮೂರು ನೋಟ್‌ಬುಕ್ ತುಂಬ ಬರೆದಿದ್ದ. ಯಾವ ವರ್ಷ ಯಾವ ಕಪಾಟು ಬಂತು, ಯಾವ ಡಾಕ್ಟರು ಪುಸ್ತಕ ಒಯ್ದು ತಿರುಗಿ ಕೊಡಲಿಲ್ಲ, ಯಾವ ಬಡ ಹುಡುಗಿ ಬಾಗಿಲು ಹಾಕುವ ತನಕ ಕೂತು ಓದಿ ಸರ್ಜನ್ ಆದಳು, ಎಲ್ಲವನ್ನೂ. ಬರೆದ ಪುಟಗಳನ್ನು ಪುಷ್ಪಲತಾಗೆ ಓದಿ ಹೇಳುತ್ತಿದ್ದ.

"ನಿಮ್ಮ ಹೆಸರಲ್ಲೇ ಅಚ್ಚು ಹಾಕಿಸ್ತೀನಿ ದೊಡ್ಡೀರಪ್ನೋರೆ," ಎಂದಿದ್ದರು ಸಾಹೇಬರು. ಅಪ್ಪ ನೋಟ್‌ಬುಕ್ಕುಗಳನ್ನು ಹೊಸ ಟವೆಲಿನಲ್ಲಿ ಸುತ್ತಿ ಕೊಟ್ಟ. ಆಮೇಲೆ ಪುಷ್ಪಲತಾ ಚಳ್ಳಕೆರೆಯಿಂದ ನರ್ಸ್ ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಒಂದೇ ಪ್ರಶ್ನೆ. "ಬಂತೇನವ್ವ ಪುಸ್ತಕ?"

ಬಿಡುಗಡೆಗೆ ಕರೆಯಲಿಲ್ಲ. ಪಕ್ಕದ ಮನೆಯವರ ಮೊಬೈಲಿನಲ್ಲಿ ವೇದಿಕೆಯ ಫೋಟೋ ನೋಡಿದ ಅಪ್ಪ ಮೊಬೈಲನ್ನು ವಾಪಸು ಕೊಟ್ಟು ಗೋಡೆಯ ಕಡೆ ಮಗ್ಗುಲಾದ. ಆ ದಿನ ಊಟ ಮಾಡಲಿಲ್ಲ. ಆರನೆಯ ದಿನಕ್ಕೆ ಹೋದ.

*

ಹೆಣಕ್ಕೆ ನೀರು ಹಾಕಿ ಸಿಂಗರಿಸುವಷ್ಟು ಹೊತ್ತು ಪುಷ್ಪಲತಾ ಒಳಗೆ ಕೂತು ಪುಸ್ತಕ ಓದಿದಳು. ಕೊನೆಯ ಕೃತಜ್ಞತೆ ಬಿಟ್ಟರೆ ಒಂದಕ್ಷರವೂ ಬದಲಾಗಿರಲಿಲ್ಲ. ಕಳ್ಳರಾದರೂ ಕದ್ದ ಗಂಟನ್ನು ಒಮ್ಮೆ ಬಿಚ್ಚಿ ನೋಡುತ್ತಾರೆ. ಈ ಪುಣ್ಯಾತ್ಮ ಅದನ್ನೂ ಮಾಡಿರಲಿಲ್ಲ. ಅಟೆಂಡರ್ ಬರೆದದ್ದನ್ನು ಓದುವುದೇನಿದೆ ಎಂದು ನೋಟ್‌ಬುಕ್ಕುಗಳನ್ನು ಹಾಗೇ ಪ್ರೆಸ್ಸಿಗೆ ಕೊಟ್ಟಿದ್ದರು. ನಲವತ್ತೊಂದನೆಯ ಪುಟದಲ್ಲಿ ಅವಳು ಬೆರಳಿಟ್ಟು ನಿಲ್ಲಿಸಿದಳು.

ಕುರಿ ಮೇಯುವ ಕಾವಲಿನ ಅಂಚಿನ ಹೊಲದಲ್ಲಿ ಗುಂಡಿ ತೋಡಿದ್ದರು. ಮೊದಲ ಮಣ್ಣು ಮನೆಯ ಹಿರಿಯ ಮಗನದು. ಅದು ಬೀಳುವ ತನಕ ಉಳಿದವರು ಹಾಕುವಂತಿಲ್ಲ. ಗಂಡುಮಕ್ಕಳಿಲ್ಲದ ದೊಡ್ಡೀರಪ್ಪ, ನನಗೆ ಪುಷ್ಪಾನೇ ಹಾಕಬೇಕು ಎಂದು ಬದುಕಿದ್ದಾಗಲೇ ಹೇಳಿದ್ದ. ಊರಿಗೂರೇ ಹಿಡಿ ಮಣ್ಣು ಹಿಡಿದು ನಿಂತಿತ್ತು. ಸಿದ್ದಲಿಂಗೇಶರ ಕೈಯಲ್ಲೂ ಒಂದು ಹಿಡಿ ಇತ್ತು.

"ಹಾಕವ್ವ, ಬಿಸ್ಲು ಏರ್ತೈತೆ," ಎಂದ ಕಾಮಣ್ಣ.

"ಹಾಕ್ತೀನಿ ಚಿಕ್ಕಪ್ಪ. ಸಾರ್ ತಮ್ಮ ಪುಸ್ತಕದಾಗಿಂದ ಒಂದು ಪುಟ ಓದ್ಲಿ. ಅಪ್ಪ ಎರಡು ವರ್ಷ ಕಾದೈತೆ, ಕೇಳಿಸ್ಕೊಂಡು ಹೋಗ್ಲಿ."

ಸಿದ್ದಲಿಂಗೇಶರಿಗೆ ಜೀವ ಬಂದಂತಾಯಿತು. ಹುಡುಗಿ ದಾರಿಗೆ ಬಂದಳು ಅಂದುಕೊಂಡರು. ಎಡಗೈಯಲ್ಲಿ ಪುಸ್ತಕ ಹಿಡಿದು, ಅವಳು ತೋರಿಸಿದ ಪುಟವನ್ನು ಭಾಷಣದ ದನಿಯಲ್ಲಿ ಓದತೊಡಗಿದರು.

"'ಆ ವರ್ಷದ ಮಳೆಗೆ ಸೂರು ಸೋರಿ ನಾಲ್ಕುನೂರು ಪುಸ್ತಕಗಳು ನೆನೆದವು. ಎಸೆಯಿರಿ ಎಂದರು ಕಚೇರಿಯವರು. ಎಸೆಯಲು ಮನಸ್ಸಾಗದೆ ಎಲ್ಲವನ್ನೂ ಮನೆಗೆ ಹೊತ್ತು ತಂದು, ಹಾಳೆಗೊಂದು ಬಟ್ಟೆ ಇಟ್ಟು ಒಣಗಿಸಿದೆ. ಹೊಲಿಗೆ ಬಿಟ್ಟವನ್ನು, ಮೊಳಕಾಲ್ಮೂರಿನ ಮಗ್ಗಗಳಲ್ಲಿ ಉಳಿದ ರೇಷ್ಮೆ ಎಳೆ ಬೇಡಿ ತಂದು, ಒಂದೊಂದಾಗಿ ಹೊಲಿದವಳು ನನ್ನ ಹೆಂಡತಿ ಪಾತಮ್ಮ...'"

ದನಿ ಅಲ್ಲಿಗೇ ನಿಂತಿತು.

ಗುಂಡಿಯ ಆಚೆ ದಡದಲ್ಲಿ ಪಾತಮ್ಮ ಮುಖದ ಮೇಲಿನ ಸೆರಗು ಸರಿಸಿ ಅವರನ್ನು ನೋಡಿದಳು. ಯಾರೂ ಮಣ್ಣು ಹಾಕಲಿಲ್ಲ. ಸಿದ್ದಲಿಂಗೇಶರ ಬಲಗೈಯ ಬೆರಳ ಸಂದಿಯಿಂದ ಮಾತ್ರ ಮಣ್ಣು ಅವರದೇ ಬೂಟಿನ ಮೇಲೆ ಉದುರುತ್ತಿತ್ತು.