ಹೆಂಡತಿಯ ತಮ್ಮ ಹಿಡಿಯುವ ಹಗ್ಗ

ಮಾನ್ವಿಯ ಶೇಷಗಿರಿ ಮಾಸ್ತರನಿಗೆ ಲೋಕದಲ್ಲಿ ಯಾರ ಮೇಲೂ ಹಗೆಯಿರಲಿಲ್ಲ, ಅಕ್ಕನ ಗಂಡ ವಿಶ್ವೇಶನೊಬ್ಬನನ್ನು ಬಿಟ್ಟು. ಆ ಪುಣ್ಯಾತ್ಮ ಮಾಡಿದ ತಪ್ಪಾದರೂ ಏನು? ಏನೂ ಇಲ್ಲ, ಅದೇ ಅವನ ತಪ್ಪು! ರಾಯಚೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ, ಅತ್ತೆಯ ಕಾಲು ಮುರಿದಾಗ ಹದಿನೈದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದ. ಶೇಷಗಿರಿಯ ತಾಯಿ ಸತ್ಯಭಾಮಾಬಾಯಿಗೆ ಅಂದಿನಿಂದ ಅಳಿಯನೇ ಸರ್ವಸ್ವ. ಮಗ ಜಿಲ್ಲೆಯ ಉತ್ತಮ ಶಿಕ್ಷಕನೆಂದು ಶಾಲು ಹೊದ್ದು ಬಂದರೂ 'ಹೂಂ, ಛಲೋ ಆತು' ಅಂದು ಮರುಗಳಿಗೆ ವಿಶ್ವೇಶನ ಸುದ್ದಿ ತೆಗೆದಿದ್ದಳು. ನಲವತ್ತೆರಡರ ಗಂಡಸು, ತಲೆಯಲ್ಲಿ ಅರ್ಧ ಕೂದಲಿಲ್ಲ, ತಾಯಿ ಒಂದೇ ಒಂದು ಸಲ ತನ್ನನ್ನು ಹೊಗಳಲಿ ಎಂದು ಒಳಗೊಳಗೇ ಬೇಯುತ್ತಿದ್ದ.

ಅದಕ್ಕೇ ಅವನು ಕಾಡಿಗೆ ಹೊರಟದ್ದು. ಆಂಧ್ರದ ನಲ್ಲಮಲ ಬೆಟ್ಟಗಳಲ್ಲಿ ಚೆಂಚು ಬುಡಕಟ್ಟಿನ ಜನ ಹೊರಗಿನವರನ್ನು ಎರಡು ದಿನ ಕಾಡು ಸುತ್ತಿಸುತ್ತಾರೆ. ಕೊನೆಗೆ ಜೇನು ಬಿಡಿಸುವ ಬಂಡೆಯ ಮೇಲಿಂದ ಒಬ್ಬನಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಆ ಒಬ್ಬ ತಾನೇ ಎಂದು ಶೇಷಗಿರಿ ನಿರ್ಧರಿಸಿಬಿಟ್ಟಿದ್ದ. ಎಂಟು ಜನರನ್ನು ಕೂಡಿಸಿದ, ಗಾಡಿ ಗೊತ್ತು ಮಾಡಿದ. ಸತ್ಯಭಾಮಾಬಾಯಿ ಎಲ್ಲ ಕೇಳಿ, ಕಾಡಂದರೆ ಹುಡುಗಾಟವಲ್ಲ, ವಿಶ್ವೇಶನನ್ನೂ ಕರಕೊಂಡು ಹೋಗು, ಅವನಿದ್ದರೆ ನನಗೆ ಚಿಂತೆಯಿಲ್ಲ ಅಂದಳು. ತಾನು ಮಾತ್ರ ಆ ಎರಡು ದಿನ ಮಗಳು ಪೂರ್ಣಶ್ರೀಯ ಜೊತೆ ರಾಯಚೂರಿನಲ್ಲಿ ಉಳಿದಳು. ಶೇಷಗಿರಿಗೆ ಮೈಯೆಲ್ಲ ಉರಿಯಿತು.

ಕಾಡಿನಲ್ಲೂ ಅದೇ ಕಥೆ. ಮುಂದೆ ನಡೆಯುತ್ತಿದ್ದ ಚೆಂಚು ಗುರವಯ್ಯನಿಗೆ ಹರಕುಮುರುಕು ಕನ್ನಡ ಬರುತ್ತಿತ್ತು, ವಿಶ್ವೇಶನಿಗೆ ಚೊಕ್ಕ ತೆಲುಗು. ಮಧ್ಯಾಹ್ನದೊಳಗೆ ಇಬ್ಬರೂ ಹಳೇ ಗೆಳೆಯರಂತಾದರು. ಕರಡಿ ಮರ ಪರಚಿದ ಗುರುತು, ಗಡ್ಡೆ ಅಗೆಯುವ ಕೋಲು, ಎಲ್ಲವನ್ನೂ ಗುರವಯ್ಯ ವಿಶ್ವೇಶನಿಗೇ ತೋರಿಸಿದ. ಗಾಡಿ ಗೊತ್ತು ಮಾಡಿದ ಮಾಸ್ತರ ಹಿಂದಿನಿಂದ ಚೀಲ ಹೊತ್ತು ಬಂದ.

ಮರುದಿನ ಬಂಡೆಗೆ ಬಂದಾಗ ಶೇಷಗಿರಿ ಎಲ್ಲರಿಗಿಂತ ಮೊದಲು ಅಂಗಿ ಬಿಚ್ಚಿ ನಿಂತ. ಗುರವಯ್ಯ ಹಗ್ಗ ಕಟ್ಟುವ ಮೊದಲು ಒಂದು ಮಾತು ಕೇಳಿದ: ನಿನ್ನ ಹೆಂಡತಿಯ ಅಣ್ಣನೋ ತಮ್ಮನೋ ಇಲ್ಲಿ ಯಾರು? ಅವರಲ್ಲಿ ಜೇನಿಗೆ ಇಳಿಯುವವನ ಹಗ್ಗವನ್ನು ಸ್ವಂತ ಅಣ್ಣತಮ್ಮಂದಿರಿಗೆ ಕೊಡುವುದಿಲ್ಲ. ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು, ಯಾಕೆಂದರೆ ತನ್ನ ಅಕ್ಕನೋ ತಂಗಿಯೋ ವಿಧವೆಯಾಗಲಿ ಎಂದು ಯಾವನೂ ಬಯಸುವುದಿಲ್ಲ. ಶೇಷಗಿರಿಯ ಹೆಂಡತಿ ಶ್ರೀಪ್ರಿಯಾಗೆ ಇರುವವರು ನಾಲ್ವರೂ ತಂಗಿಯರು. ಅವನು ವಾದಿಸಿದ, ಗೋಗರೆದ. ಗುರವಯ್ಯ ಜಗ್ಗಲಿಲ್ಲ. ಅಷ್ಟರಲ್ಲಿ ಮಾನ್ವಿಯ ಬಟ್ಟೆ ಅಂಗಡಿಯ ಜಹೀರ್, ವಿಶ್ವೇಶ ಸರ್ ಹೆಂಡತಿ ಶೇಷಗಿರಿ ಸರ್ ಅಕ್ಕನೇ ಅಲ್ಲವೇ ಎಂದು ನಗುತ್ತ ನೆನಪಿಸಿದ.

"ನಾ ಒಲ್ಲೆ," ಅಂದ ವಿಶ್ವೇಶ. "ಶೇಷು ಇದಕ್ಕಂತನ ಬಂದಾನ."

ಯಾರು ಕೇಳುತ್ತಾರೆ? ಎಲ್ಲರೂ ಚಪ್ಪಾಳೆ ತಟ್ಟಿ ಅವನ ಸೊಂಟಕ್ಕೆ ಹಗ್ಗ ಕಟ್ಟಿಸಿದರು. ಇನ್ನೊಂದು ತುದಿ ಅಂಚಿನಲ್ಲಿದ್ದ ಮರಕ್ಕೆ ಒಂದು ಸುತ್ತು ಹಾಯ್ದು ಶೇಷಗಿರಿಯ ಕೈಗೆ ಬಂತು. ಹಗ್ಗದ ಉಳಿದ ಬಾಲ ಹಿಡಿದು ಗುರವಯ್ಯ ಅವನ ಹಿಂದೆ ಕೂತ.

ವಿಶ್ವೇಶ ಇಳಿದ. ಜಹೀರನ ಮೊಬೈಲು ಅವನತ್ತಲೇ, ಎಲ್ಲರ ವಾಹ್ ವಾಹ್ ಅವನಿಗೇ. ಈ ವಿಡಿಯೋ ಅವ್ವ ನೋಡುತ್ತಾಳೆ, ಹತ್ತು ವರ್ಷ ಹೇಳುತ್ತಾಳೆ ಎಂದು ಶೇಷಗಿರಿಗೆ ಹೊಳೆದದ್ದೇ ತಡ, ಬೆರಳು ಸಡಿಲಾದವು. ಸುಳ್ಳು ಯಾಕೆ, ಬೇಕಂತಲೇ ಬಿಟ್ಟ. ಒಂದು ಗೇಣು ಸಾಕು, ಎಲ್ಲರೆದುರು ಒಮ್ಮೆ ಚೀರಲಿ ಎಂದು. ಆದರೆ ಹಗ್ಗಕ್ಕೆ ಗೇಣಿನ ಲೆಕ್ಕ ಗೊತ್ತೇ? ಸರ್ರನೆ ಓಡಿತು. ಹಿಡಿಯಲು ಹೋದರೆ ಕೈಗೆ ಸಿಗಲಿಲ್ಲ. ಹಿಂದಿದ್ದ ಗುರವಯ್ಯ ಮರಕ್ಕೆ ಕಾಲು ಕೊಟ್ಟು, ಎರಡೂ ಅಂಗೈ ಸುಲಿಸಿಕೊಂಡು ನಿಲ್ಲಿಸಿದ. ಬಂಡೆಯ ಅಂಚಿನ ಕೆಳಗೆ ಜೋತಾಡುತ್ತ ವಿಶ್ವೇಶ ತಲೆಯೆತ್ತಿ ನೋಡಿದ. ಶೇಷಗಿರಿಯ ಮುಖ ನೋಡಿದ, ಬಿಚ್ಚಿದ ಕೈಗಳನ್ನೂ ನೋಡಿದ.

ಮೇಲೆ ಬಂದವನು, ನನ್ನ ಕಾಲೇ ಜಾರಿತು, ಶೇಷು ಹಿಡಿದಿದ್ದಕ್ಕೆ ಉಳಿದೆ ಅಂದ. ಜಹೀರ್ ಶೇಷಗಿರಿಯ ಬೆನ್ನು ತಟ್ಟಿದ. ಗುರವಯ್ಯ ಮಾತ್ರ ಅಂಗೈಗೆ ಎಲೆಯ ರಸ ಹಿಂಡಿಕೊಳ್ಳುತ್ತ ಶೇಷಗಿರಿಯತ್ತ ಒಮ್ಮೆ ನೋಡಿ, ಹಗ್ಗ ಸುತ್ತಿಕೊಂಡು ಎದ್ದು ಹೋದ.

ರಾಯಚೂರು ಮುಟ್ಟುವ ಮೊದಲೇ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಸತ್ಯಭಾಮಾಬಾಯಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಕುಂಟುತ್ತ ಬಾಗಿಲಿಗೇ ಬಂದಳು. ಅಳಿಯನನ್ನು ದಾಟಿ ನೇರ ಮಗನ ಬಳಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಈ ಕೈ ನನ್ನ ಮಗಳ ಕುಂಕುಮ ಉಳಿಸ್ಯಾವ," ಅಂದಳು. "ನನ್ನ ಮಗ ಇದ್ದಾನ ಅಂತ ನಾ ಇಷ್ಟು ದಿನ ತಿಳಕೊಳ್ಳಲಿಲ್ಲ ನೋಡು."

ಅಂಗೈ ಮಗುಚಿ ಗಾಯ ಹುಡುಕಿದಳು. ಒಂದು ಗೀರೂ ಇರಲಿಲ್ಲ. ಕಣ್ಣು ಮಂಜಾದ ಮುದುಕಿ, ಸಿಗದಿದ್ದರೂ ಎರಡಕ್ಕೂ ಅರಿಶಿನ ಹಚ್ಚತೊಡಗಿದಳು.

"ಅವ್ವಾ, ನಾ ಹಿಡದಿದ್ದಿಲ್ಲ..." ಅಂದ ಶೇಷಗಿರಿ.

"ದಣದಾನ್ರೀ ಅತ್ತ್ಯಾ," ಎಂದು ವಿಶ್ವೇಶ ಚಪ್ಪಲಿ ಬಿಡುತ್ತ ನಡುವೆಯೇ ಅಂದ. "ಮೊದ್ಲ ಅವಗ ಊಟಕ್ಕ ಬಡಸ್ರಿ."

ತಾಯಿಯ ಹೊಗಳಿಕೆಯನ್ನೂ ಇವನೇ ಕೊಡಿಸಬೇಕಾಯಿತು. ಅರಿಶಿನದ ಕೈಗಳನ್ನು ಚಾಚಿಕೊಂಡೇ ನಿಂತ ಶೇಷಗಿರಿಗೆ, ಹುಟ್ಟಿದಂದಿನಿಂದ ಯಾರ ಮೇಲೂ ಬಾರದಷ್ಟು ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಬಂತು.